ಗಾರ್ಡ್ ಮುನಿಶಾಮಪ್ಪನ ಕೆಂಪು ಬಾವುಟ

ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಪ್ಯಾಸೆಂಜರ್ ಗಾಡಿಯ ಗಾರ್ಡ್ ಆಗಿದ್ದ ಮುನಿಶಾಮಪ್ಪ ನಿವೃತ್ತನಾಗಿ ತೊಂಡೇಬಾವಿಯ ಮನೆಯಲ್ಲಿ ಕೂತ ಮೇಲೆ ಅವನಿಗೆ ಅರ್ಥವಾದ ಮೊದಲ ಸಂಗತಿಯೆಂದರೆ, ಇಷ್ಟು ದಿನ ಜನ ನಮಸ್ಕಾರ ಹಾಕುತ್ತಿದ್ದದ್ದು ತನಗಲ್ಲ, ತನ್ನ ಬಿಳೀ ಕೋಟಿಗೆ. ಕೋಟು ಪೆಟ್ಟಿಗೆ ಸೇರಿದ ಆರು ತಿಂಗಳಲ್ಲಿ ಸ್ಟೇಷನ್ನಿನ ಕೂಲಿಗಳೂ ಬೀಡಿ ಆರಿಸದೆ ಅವನ ಮುಂದೆ ಹಾದುಹೋಗತೊಡಗಿದರು. ಹೆಂಡತಿ ಯಶೋದಮ್ಮ ರಾಗಿ ಬೀಸುವ ಮಿಲ್ಲಿಗೆ ಅವನನ್ನೇ ಕಳಿಸತೊಡಗಿದಳು. ಇದನ್ನು ಮನುಷ್ಯ ಹೇಗೋ ಸಹಿಸಿಕೊಳ್ಳಬಹುದು. ಆದರೆ ಮುನಿಶಾಮಪ್ಪ ಸಹಿಸಿಕೊಳ್ಳಲಿಲ್ಲ. ಸಾಯಂಕಾಲದ ಪ್ಯಾಸೆಂಜರ್ ಹೊರಡುವ ಹೊತ್ತಿಗೆ ಪ್ಲಾಟ್‌ಫಾರಂಗೆ ಹೋಗಿ, ಈಗಿನ ಗಾರ್ಡುಗಳು ಬಾವುಟ ಹಿಡಿಯುವ ರೀತಿ ಸರಿಯಿಲ್ಲವೆಂದು ಗೊಣಗಿ ವಾಪಸು ಬರುತ್ತಿದ್ದ.

ಅಂಥವನಿಗೆ ಅರವತ್ತಮೂರನೇ ಇಸವಿಯಲ್ಲಿ ಮತ್ತೆ ಬಾವುಟ ಹಿಡಿಯುವ ಯೋಗ ಬಂದದ್ದು ಮೋಟಾರು ರೇಸಿನಿಂದ.

ಊರಾಚೆಯ ಬಯಲಿನಲ್ಲಿ ಯುದ್ಧದ ಕಾಲಕ್ಕೆ ಮಿಲಿಟರಿಯವರು ವಿಮಾನ ಇಳಿಸಲು ಹಾಕಿದ ಒಂದು ಡಾಂಬರು ಪಟ್ಟಿ ಇತ್ತು. ವಿಮಾನಗಳು ಹೋದ ಮೇಲೆ ಅದರ ಮೇಲೆ ಹುರುಳಿ ಒಕ್ಕುತ್ತಿದ್ದರು. ಬೆಂಗಳೂರಿನ ಮೋಟಾರು ಕ್ಲಬ್ಬಿನವರಿಗೆ ಅದು ಹೇಗೋ ಕಣ್ಣಿಗೆ ಬಿದ್ದು, ಎರಡು ತುದಿಗೂ ಡಾಂಬರಿನ ಡ್ರಮ್ಮು ನಿಲ್ಲಿಸಿ, ತಿರುವುಗಳಿಗೆ ರಾಗಿ ಹುಲ್ಲಿನ ಹೊರೆ ಒಟ್ಟಿ, ವರ್ಷಕ್ಕೊಂದು ಸಲ ಕಾರುಗಳನ್ನು ಓಡಿಸತೊಡಗಿದರು. ಮದರಾಸು, ಕಲ್ಕತ್ತಾದಿಂದೆಲ್ಲ ಕಾರು ಬರುತ್ತಿದ್ದವು. ಗೌರಿಬಿದನೂರು, ಚಿಕ್ಕಬಳ್ಳಾಪುರದ ಜನ ಬುತ್ತಿ ಕಟ್ಟಿಕೊಂಡು ಬಂದು ಧೂಳು ಕುಡಿದು ಸಂತೋಷವಾಗಿ ಹೋಗುತ್ತಿದ್ದರು.

ಆಮೇಲೆ ಜಗಳ ಶುರುವಾಯಿತು. ಹಳೇ ಕ್ಲಬ್ಬು ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಬಿಳಿಯರು ಕಟ್ಟಿದ್ದು. ಬಿಳಿಯರು ಹೋದರೂ ಅವರ ಕುರ್ಚಿಗಳಲ್ಲಿ ಕೂತವರು ಗ್ಯಾರೇಜಿನವರನ್ನೂ ಬಸ್ಸಿನವರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಚಿಂತಾಮಣಿಯ ಬಸ್ ಮಾಲೀಕ ವೆಂಕಟರವಣಪ್ಪ ರೇಗಿ, ತನ್ನಂಥವರನ್ನೆಲ್ಲ ಸೇರಿಸಿ ಹೊಸ ಸಂಘ ಕಟ್ಟಿ, ಮೈಸೂರು ರಾಜ್ಯದಲ್ಲಿ ರೇಸು ನಡೆಸುವ ಹಕ್ಕು ಇನ್ನು ನಮ್ಮದು ಎಂದು ಸಾರಿದ. ಆ ವರ್ಷ ಜನವರಿಯ ರೇಸಿಗೆ ಎರಡು ಕಡೆಯವರೂ ಬಂದರು. ಎರಡು ಥರದ ತೋಳುಪಟ್ಟಿ, ಎರಡು ನಿಯಮದ ಪುಸ್ತಕ, ಎರಡು ಸೀಟಿ. ಹೊರಡಿಸುವವನು ಯಾರು ಎಂಬ ವಾದ ಮುಗಿಯುವ ಮೊದಲೇ ಹೊಸ ಸಂಘದವನು ಬಾವುಟ ಇಳಿಸಿದ. ಅರ್ಧ ಕಾರು ಹೊರಟವು, ಅರ್ಧ ನಿಂತವು. ಹೊರಟಿದ್ದವು ಸುತ್ತು ಹಾಕಿ ವಾಪಸು ಬರುವಾಗ ನಿಂತಿದ್ದವು ಹೊರಟವು. ಯಾರೂ ಸಾಯದೆ ಉಳಿದದ್ದು ದೊಡ್ಡದು. ಕೊನೆಗೆ ಪೊಲೀಸರು ಬಂದು ಎಲ್ಲರನ್ನೂ ಮನೆಗೆ ಅಟ್ಟಿದರು.

ದೇಶದ ರೇಸುಗಳಿಗೆಲ್ಲ ಪರವಾನಗಿ ಕೊಡುವ ಬೊಂಬಾಯಿಯ ಮೇಲಿನ ಸಂಘದಿಂದ ಖಡಕ್ಕಾದ ಕಾಗದ ಬಂತು. ಎರಡೂ ಕಡೆಯವರು ಕೂಡಿ ಒಂದೇ ಒಂದು ರೇಸು ನಡೆಸಬೇಕು. ಗೆದ್ದವನು ರಾಜ್ಯದ ಪರವಾಗಿ ಮದರಾಸಿನ ಅಖಿಲ ಭಾರತ ರೇಸಿಗೆ ಹೋಗುತ್ತಾನೆ. ಬಾವುಟ ಹಿಡಿಯುವವನು ಎರಡೂ ಕ್ಲಬ್ಬಿಗೆ ಸೇರದವನಾಗಿರಬೇಕು. ಇದೂ ಕೆಟ್ಟರೆ ಯಾರಿಗೂ ಪರವಾನಗಿ ಇಲ್ಲ.

ಅಂಥವನು ಎಲ್ಲಿ ಸಿಗಬೇಕು? ಒಬ್ಬರು ಹೆಸರು ಹೇಳಿದರೆ ಇನ್ನೊಬ್ಬರು ಮೂಗು ಮುರಿದರು. ಆಗ ಎದ್ದು ನಿಂತವನು ಗೌರಿಬಿದನೂರಿನ ಚನ್ನಕೇಶವ. ಚಿಕ್ಕವೆಂಕಟಪ್ಪನವರ ಮಗ, ಹೊಲಗದ್ದೆ ಇರುವ ಮನೆತನ, ಆದರೆ ಹುಡುಗನಿಗೆ ನೇಗಿಲಿಗಿಂತ ಸ್ಪ್ಯಾನರೇ ಪ್ರೀತಿ. ಮಿಲಿಟರಿ ಹರಾಜಿನ ಜೀಪಿನ ಎಂಜಿನ್ನಿಗೆ ತಾನೇ ಮೈ ಕಟ್ಟಿ, ಎರಡು ವರ್ಷ ಎಣ್ಣೆಯಲ್ಲಿ ಮುಳುಗೆದ್ದು ಒಂದು ಕಾರು ಮಾಡಿದ್ದ. ಹೊಸ ಸಂಘದ ಪರವಾಗಿ ಓಡಿಸುವವನು ಅವನೇ. ಅವನ ತಾಯಿಯ ತವರು ತೊಂಡೇಬಾವಿ. ರಕ್ತಸಂಬಂಧವಿಲ್ಲದಿದ್ದರೂ ಆ ಊರಿನ ಲೆಕ್ಕದಲ್ಲಿ ಮುನಿಶಾಮಪ್ಪ ಅವನಿಗೆ ಮಾವ.

"ತೊಂಡೇಬಾವಿಲಿ ನಮ್ಮ ಗಾರ್ಡ್ ಮಾವ ಅವ್ರೆ. ಮೂವತ್ತು ವರ್ಷ ಬಾವುಟ ಹಿಡ್ದವ್ರೆ, ಒಂದು ದಿನ ಒಂದು ಗಾಡಿಗೆ ತೊಂದ್ರೆ ಆಗಿಲ್ಲ. ಅವ್ರು ಕೆಂಪು ತೋರ್ಸಿದ್ರೆ ನಾನು ಯಾಕೆ ಅಂತ ಕೇಳಲ್ಲ. ನೀವೂ ಕೇಳ್ಬೇಡಿ," ಅಂದ.

ಹಳೇ ಕ್ಲಬ್ಬಿನವರು ವಿಚಾರಿಸಿದರು. ರೈಲ್ವೆಯ ಮನುಷ್ಯ, ಕಟ್ಟುನಿಟ್ಟು, ಕುಡಿಯುವುದಿಲ್ಲ. ಒಪ್ಪಿದರು.

ಮುನಿಶಾಮಪ್ಪ ಆ ಸುದ್ದಿ ಕೇಳಿದ ದಿನವೇ ಪೆಟ್ಟಿಗೆಯಿಂದ ಕೋಟು ತೆಗೆದು ತಾನೇ ಇಸ್ತ್ರಿ ಹಾಕಿದ.

ರೇಸಿನ ಹಿಂದಿನ ದಿನ ವೆಂಕಟರವಣಪ್ಪ ಅವನನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡು, ನಿಂತುಕೊಂಡೇ ಒಂದು ಲೋಟ ಟೀ ಕೊಡಿಸಿ, "ನೆಟ್ಟಗೆ ನೋಡ್ಕೊಳ್ಳಪ್ಪ, ಬಾಗಾ ಚೂಸ್ಕೋ," ಎಂದು ತೆಲುಗಿನಲ್ಲೂ ಅದನ್ನೇ ಹೇಳಿ, ಹೆಗಲು ತಟ್ಟಿ ಹೊರಟುಹೋದ. ಏಕವಚನ ಮುನಿಶಾಮಪ್ಪನಿಗೆ ಮುಳ್ಳಿನಂತೆ ಚುಚ್ಚಿತು. ಅದೇ ಮಧ್ಯಾಹ್ನ ಹಳೇ ಕ್ಲಬ್ಬಿನ ಕಾರ್ಯದರ್ಶಿಗಳು ಗೌರಿಬಿದನೂರಿನ ಪ್ರವಾಸಿ ಬಂಗಲೆಯಲ್ಲಿ ಅವನಿಗೆ ಊಟ ಹಾಕಿಸಿದರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ, ಹಳ್ಳಿಯ ಮುಖ ಕಾರಿನ ಕಿಟಕಿಯಿಂದ ಮಾತ್ರ ಕಂಡ ಮನುಷ್ಯ ಅವರು. ಆದರೂ ಮುನಿಶಾಮಪ್ಪನಿಗೆ ಕುರ್ಚಿ ಎಳೆದು ಕೊಟ್ಟರು, ಬನ್ನಿ ಕೂತ್ಕೊಳ್ಳಿ ಅಂದರು, ತಾವು ಪಕ್ಕದಲ್ಲೇ ಕೂತರು. ಫಸ್ಟ್ ಕ್ಲಾಸ್ ಡಬ್ಬಿಯ ಬಾಗಿಲಲ್ಲಿ ಟೋಪಿ ತೆಗೆದು ನಿಂತೇ ನೌಕರಿ ಮುಗಿಸಿದವನಿಗೆ ಅನ್ನ ಗಂಟಲಲ್ಲಿ ಇಳಿಯದಷ್ಟು ಸಂತೋಷವಾಯಿತು.

ಊಟವಾದ ಮೇಲೆ ಅವರು ಹೇಳಿದರು. "ನೋಡಿ ಗಾರ್ಡ್ ಅವ್ರೇ, ನನಗೆ ಒಂದೇ ಯೋಚನೆ. ನಮ್ಮ ಹುಡುಗ ಬಿಳೀ ಕಾರು ಓಡಿಸ್ತಾನೆ. ಅಪಾಯ ಅಂತ ಅನುಮಾನ ಬಂದ್ರೂ ಸಾಕು, ಕೆಂಪು ತೋರಿಸೋಕೆ ಹಿಂದೆಮುಂದೆ ನೋಡ್ಬೇಡಿ. ರೇಸು ಅಲ್ಲಿಗೇ ನಿಲ್ಲುತ್ತೆ, ಹಿಂದಿನ ಸುತ್ತಿನಲ್ಲಿ ಯಾರು ಮುಂದಿದ್ರೋ ಅವ್ರೇ ಗೆದ್ದ ಹಾಗೆ. ನಿಮ್ಮನ್ನ ಯಾರೂ ಪ್ರಶ್ನೆ ಮಾಡೋ ಹಾಗಿಲ್ಲ." ಆಮೇಲೆ ಮದರಾಸಿನ ರೇಸಿಗೂ ನಿಮ್ಮಂಥವರು ಬೇಕು, ನಾನು ಬರೆದು ಹಾಕುತ್ತೇನೆ ಎಂದೂ ಅಂದರು. ಹೊರಡುವಾಗ ತಟ್ಟೆಯಲ್ಲಿ ವೀಳ್ಯದೆಲೆ, ಒಡೆಯದ ಅಡಿಕೆ, ಮೇಲೊಂದು ತೆಂಗಿನಕಾಯಿ ಇಟ್ಟು, ಎದ್ದು ನಿಂತು, ಎರಡೂ ಕೈಯಿಂದ ಕೊಟ್ಟರು.

ಈ ಸೀಮೆಯಲ್ಲಿ ಉಂಡವನಿಗೆ ಎಲೆ ಅಡಿಕೆ ಕೊಡುವುದು ಬೇರೆ. ಕೆಲಸದ ಮಾತಾಡಿ, ತೆಂಗಿನಕಾಯಿ ಇಟ್ಟು, ನಿಂತು ಕೊಡುವ ವೀಳ್ಯವೇ ಬೇರೆ. ಅದನ್ನು ತೆಗೆದುಕೊಂಡರೆ ಒಪ್ಪಿಕೊಂಡ ಹಾಗೆ. ಬಾವಿ ತೋಡುವವನಾಗಲಿ ಹೆಣ್ಣು ಕೊಡುವವನಾಗಲಿ, ಆಮೇಲೆ ಹಿಂದೆ ಸರಿಯುವಂತಿಲ್ಲ. ಮುನಿಶಾಮಪ್ಪನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಪಕ್ಕದ ಕುರ್ಚಿ ಕಂಡಿತು, ಮದರಾಸು ಕಂಡಿತು. ತೆಗೆದುಕೊಂಡ.

ಮನೆಯಲ್ಲಿ ಯಶೋದಮ್ಮ ಕಾಯಿ ನೋಡಿ ಕೇಳಿದಳು. "ಯಾವ ಕೆಲ್ಸಕ್ಕೆ ವೀಳ್ಯ ಕೊಟ್ರು?"

"ಬಾವುಟ ಹಿಡಿಯೋಕೆ."

"ಬಾವುಟ ಹಿಡಿಯೋಕೆ ಎರಡು ಕಡೆಯವ್ರೂ ಆವಾಗ್ಲೇ ಒಪ್ಪಿದ್ರಲ್ಲ. ಮತ್ತೆ ಈಯಪ್ಪ ಬೇರೆ ಯಾಕೆ ಕೊಟ್ಟ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು," ಎಂದು ಗದರಿದ. ಗೊತ್ತಾಗಿತ್ತು ಅವಳಿಗೆ. ಅವಳು ಆ ಕಾಯಿಯನ್ನು ಒಡೆಯಲಿಲ್ಲ.

ಮರುದಿನದ ರೇಸು ಇಪ್ಪತ್ತು ಸುತ್ತಿನದು. ಹಳೇ ರೈಲ್ವೆ ಸ್ಲೀಪರುಗಳನ್ನು ಒಟ್ಟಿ ಮಾಡಿದ ಅಟ್ಟಣೆಯ ಮೇಲೆ ಮುನಿಶಾಮಪ್ಪ ಬಿಳೀ ಕೋಟು ಹಾಕಿ ನಿಂತ. ಬಲಗೈಯಲ್ಲಿ ರೇಸು ಮುಗಿಸುವ ಕಪ್ಪು ಬಿಳುಪಿನ ಚೌಕಳಿ ಬಾವುಟ, ಎಡಗೈಯಲ್ಲಿ ಕೆಂಪು. ಆ ಎತ್ತರದಿಂದ ಅವನೊಬ್ಬನಿಗೇ ಧೂಳಿನ ಮೇಲಿಂದ ಆಚೆ ತುದಿಯ ತಿರುವು ಕಾಣುತ್ತಿತ್ತು. ತಿರುವಿನಿಂದ ಸ್ವಲ್ಪ ಈಚೆಗೆ, ಹುಣಸೆ ಮರದಡಿ ಅವನ ಕೇರಿಯ ಕದಿರಮ್ಮ, ಗಂಡ ಸತ್ತು ಎಮ್ಮೆಯ ಹಾಲಿನ ಮೇಲೆ ಬದುಕುವ ಹೆಂಗಸು, ಎಂದಿನಂತೆ ಎಮ್ಮೆ ಮೇಯಲು ಬಿಟ್ಟು ಕೂತಿದ್ದಳು.

ಹತ್ತೊಂಬತ್ತು ಸುತ್ತು ಬಿಳೀ ಕಾರು ಮುಂದಿತ್ತು. ಚನ್ನಕೇಶವನ ಕಾರು ಅದರ ಬೆನ್ನಿಗೇ ಇತ್ತು. ಹತ್ತೊಂಬತ್ತನೇ ಸಲ ಅಟ್ಟಣೆಯ ಮುಂದೆ ಹಾಯುವಾಗ ಎರಡಕ್ಕೂ ನಡುವೆ ಒಂದು ಎತ್ತಿನ ಗಾಡಿಯಷ್ಟೇ ಅಂತರ. ಕೊನೇ ಸುತ್ತಿನ ಆಚೆ ತಿರುವಿನಲ್ಲಿ ಬಿಳೀ ಕಾರು ಸ್ವಲ್ಪ ಅಗಲಕ್ಕೆ ಹೋಯಿತು, ಹುಲ್ಲಿನ ಹೊರೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ಚನ್ನಕೇಶವ ನುಗ್ಗಿದ. ಮುಂದೆ ಬಂದೇ ಬಂದ. ಮುನಿಶಾಮಪ್ಪ ಅದನ್ನು ಸ್ಪಷ್ಟವಾಗಿ ಕಂಡ. ಹುಡುಗ ಗೆದ್ದ ಎಂದು ಎದೆ ಒಂದು ಸಲ ಹಿಗ್ಗಿದ್ದೂ ನಿಜ. ಅದರ ಹಿಂದೆಯೇ ವೀಳ್ಯದ ನೆನಪು ಬಂತು. ಪಟ್ಟಿಯ ಮೇಲೆ ನಾಯಿಯೂ ಇರಲಿಲ್ಲ, ನರಪಿಳ್ಳೆಯೂ ಇರಲಿಲ್ಲ. ಎಡಗೈ ಎದ್ದಿತು.

ಚನ್ನಕೇಶವ ಕೆಂಪು ಕಂಡೊಡನೆ ಬ್ರೇಕು ಹಾಕಿದ. ಒಂದು ಕ್ಷಣವೂ ಯೋಚಿಸಲಿಲ್ಲ. ಗೆರೆಗೆ ಇನ್ನೂರು ಗಜ ಇರುವಾಗ, ಎರಡು ವರ್ಷದ ದುಡಿಮೆಯನ್ನು ಹೊಗೆಯಾಡುವ ಚಕ್ರಗಳ ಮೇಲೆ ನಿಲ್ಲಿಸಿಬಿಟ್ಟ.

ಆಮೇಲೆ ಏನಾಯಿತು ಎನ್ನುವುದನ್ನು ಬಿಡಿಸಿ ಹೇಳುವುದಕ್ಕಾಗದು. ಎರಡೂ ಕಡೆಯ ಸೀಟಿಗಳು, ಬೈಗುಳ, ವೆಂಕಟರವಣಪ್ಪನ ಚಪ್ಪಲಿ ಎಲ್ಲ ಒಟ್ಟಿಗೆ ಮೇಲಕ್ಕೆದ್ದವು. ಅಟ್ಟಣೆಯ ಸುತ್ತ ಜನ ಮುತ್ತಿ, ಯಾಕೆ ತೋರಿಸಿದೆ, ಏನು ಕಂಡೆ, ಎಂದು ಕೂಗಿದರು. ಮುನಿಶಾಮಪ್ಪ ಆಚೆ ತುದಿ ನೋಡಿದ. ಅಲ್ಲಿದ್ದದ್ದು ಎರಡೇ ಎರಡು ಜೀವ.

"ಕದಿರಮ್ಮನ ಎಮ್ಮೆ ಅಡ್ಡ ಬಂತು. ಹಿಂದೆನೇ ಅವಳೂ ಓಡಿ ಬಂದಳು," ಅಂದ.

ಸುಳ್ಳು ಹೇಳುವ ಅಭ್ಯಾಸವಿಲ್ಲದವನು ಸುಳ್ಳು ಹೇಳಿದರೆ ಜನ ಅದನ್ನು ಬಹಳ ಬೇಗ ನಂಬುತ್ತಾರೆ. ಚನ್ನಕೇಶವ ಹೆಲ್ಮೆಟ್ಟು ತೆಗೆದು, ಮಸಿ ಹಿಡಿದ ಮುಖದಲ್ಲಿ ಹತ್ತಿರ ಬಂದು ಕೇಳಿದ್ದು ಇಷ್ಟೇ. "ಆಯಮ್ಮನಿಗೆ ಏನೂ ಆಗಿಲ್ವಲ್ಲ ಮಾವ?"

ಮುನಿಶಾಮಪ್ಪ ಇಲ್ಲವೆಂದು ತಲೆಯಾಡಿಸಿದ. ಆ ಹೊತ್ತಿನಿಂದ ಅವನಿಗೆ ನೆಟ್ಟಗೆ ಊಟ ಸೇರಲಿಲ್ಲ. ಊರಿನಲ್ಲಿ ಮತ್ತೆ ನಮಸ್ಕಾರಗಳು ಶುರುವಾದವು, ಬೀಡಿಗಳು ಆರಿದವು. ಜೀವ ಉಳಿಸಿದ ಗಾರ್ಡಪ್ಪ ಎಂದು ಹೋಟೆಲಿನವನು ಕಾಫಿಗೆ ಕಾಸು ತೆಗೆದುಕೊಳ್ಳಲಿಲ್ಲ. ಒಂದೊಂದು ನಮಸ್ಕಾರಕ್ಕೂ ಅವನ ಕಿವಿ ಬಿಸಿಯಾಗುತ್ತಿತ್ತು. ಯಾವುದಕ್ಕೆ ಆಸೆಪಟ್ಟಿದ್ದನೋ ಅದೇ ಈಗ ದಾರಿಯಲ್ಲಿ ಎದುರಾಗುತ್ತಿತ್ತು, ಅವನು ಹಿತ್ತಲ ದಾರಿ ಹಿಡಿದು ಓಡಾಡತೊಡಗಿದ. ಥೂ, ಇದೂ ಒಂದು ಬಾಳೇ, ಎಂದು ತನ್ನನ್ನು ತಾನೇ ಬೈದುಕೊಂಡ. ಹೋಗಿ ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಯಶೋದಮ್ಮ ಅವನೊಂದಿಗೆ ಬೇಕಾದಷ್ಟು ಮಾತ್ರ ಮಾತಾಡಿದಳು.

ಹಿಂದಿನ ಸುತ್ತಿನ ಲೆಕ್ಕದಲ್ಲಿ ಬಿಳೀ ಕಾರು ಗೆದ್ದಿತೆಂದು ಬರೆದುಕೊಂಡಿದ್ದರು, ಹೊಸ ಸಂಘದವರು ಅದರ ಮೇಲೆ ತಕರಾರು ಅರ್ಜಿ ಹಾಕಿದರು. ಚನ್ನಕೇಶವನ ಸಹಿ ಇದ್ದ ಅರ್ಜಿ ಅದು, ಯಾಕೆಂದರೆ ನಿಯಮದ ಪ್ರಕಾರ ಓಡಿಸಿದವನೇ ಹಾಕಬೇಕು. ಎಂಟನೇ ದಿನ ಅದೇ ಪ್ರವಾಸಿ ಬಂಗಲೆಯಲ್ಲಿ ವಿಚಾರಣೆ. ಬೊಂಬಾಯಿಯಿಂದ ಬಂದ ಮುದುಕರೊಬ್ಬರು ಅಧ್ಯಕ್ಷರು, ಅವರ ಒಂದು ಪಕ್ಕಕ್ಕೆ ಕಾರ್ಯದರ್ಶಿಗಳು, ಇನ್ನೊಂದು ಪಕ್ಕಕ್ಕೆ ವೆಂಕಟರವಣಪ್ಪ. ಕದಿರಮ್ಮನನ್ನೂ ಕರೆಸಿದ್ದರು. ಅವಳು ರೈಲಿನಲ್ಲಿ ಮುನಿಶಾಮಪ್ಪನ ಜೊತೆಯಲ್ಲೇ ಬಂದಳು. ಏನು ಹೇಳಬೇಕು ಎಂದು ಅವಳು ಕೇಳಲಿಲ್ಲ, ಅವನೂ ಹೇಳಿಕೊಡಲಿಲ್ಲ. ಅವಳು ಇಲ್ಲ ಅಂದರೆ ಎಲ್ಲ ಮುಗಿಯುತ್ತದೆ, ಮುಗಿದರೆ ಸಾಕು ಎಂದೇ ಅವನು ಅಂದುಕೊಂಡಿದ್ದ.

"ನಿನ್ನ ಎಮ್ಮೆ ಪಟ್ಟಿಯ ಮೇಲೆ ಬಂತೇನಮ್ಮ?" ಎಂದು ಅವಳಿಗೆ ತಿಳಿಯುವಂತೆ ಕೇಳಿಸಿದರು.

ಕದಿರಮ್ಮ ಸೆರಗು ಬಿಗಿ ಮಾಡಿಕೊಂಡು ಮುನಿಶಾಮಪ್ಪನ ಮುಖ ನೋಡಿದಳು. "ಬಂತು ಸಾಮಿ. ತಪ್ಪಾಯ್ತು ಸಾಮಿ. ಇನ್ನೊಂದು ಸಲ ಬಿಡಲ್ಲ," ಎಂದು ಕೈಮುಗಿದಳು.

ವೆಂಕಟರವಣಪ್ಪ ಮೇಜು ಕುಟ್ಟಿದ. ಎಮ್ಮೆ ಬಂದಿದ್ದರೆ ನಮ್ಮ ಹುಡುಗನಿಗೆ ಕಾಣುತ್ತಿರಲಿಲ್ಲವೇ, ಇದೆಲ್ಲ ಕಟ್ಟುಕತೆ, ಮರು ರೇಸು ಆಗಲಿ ಎಂದ. ಅಧ್ಯಕ್ಷರು ಚನ್ನಕೇಶವನನ್ನು ಕೇಳಿದರು.

ಚನ್ನಕೇಶವ ಎದ್ದ. "ನನಗೆ ಧೂಳಲ್ಲಿ ಏನೂ ಕಾಣ್ಲಿಲ್ಲ ಸಾರ್. ಕಾಣ್ಲಿಲ್ಲ ಅಂತ ಇಲ್ಲ ಅನ್ನೋಕಾಗುತ್ತಾ? ಮಾವ ಕಂಡೆ ಅಂದ್ರು, ಆಯಮ್ಮನೂ ಒಪ್ಕೊಂಡ್ರು. ಇಬ್ಬರನ್ನೂ ಸುಳ್ಳುಗಾರರು ಅಂತ ಮಾಡಿ ನನಗೆ ಮದರಾಸು ಬೇಡ." ಹೀಗೆಂದು, ಅರ್ಜಿ ವಾಪಸು ಪಡೆಯುವ ಕಾಗದ ಕೇಳಿ ತೆಗೆದುಕೊಂಡು, ನಿಂತೇ ಸಹಿ ಹಾಕಿದ.

ಅವನು ಸಹಿ ಹಾಕುವಷ್ಟು ಹೊತ್ತು ಮುನಿಶಾಮಪ್ಪ ಬಾಯಿ ಬಿಡಬಹುದಾಗಿತ್ತು. ಉದ್ದದ ಹೆಸರು, ನಿಧಾನದ ಕೈ. ಬಿಡಲಿಲ್ಲ. ಹುಡುಗ ಲೇಖನಿ ಕೆಳಗಿಟ್ಟ ಮೇಲೆ ಒಳಗಿನಿಂದ ಏನೋ ಒತ್ತಿಕೊಂಡು ಬಂದು ಎದ್ದು ನಿಂತ.

"ಎಮ್ಮೆ ಬರ್ಲಿಲ್ಲ. ಯಾರೂ ಬರ್ಲಿಲ್ಲ. ನಾನು ಬೇಕೂಂತ್ಲೇ ಕೆಂಪು ತೋರಿಸ್ದೆ. ವೀಳ್ಯ ತಗೊಂಡಿದ್ದೆ ಸಾಮಿ, ಇದೇ ಬಂಗಲೆಲಿ, ಇವರ ಕೈಯಿಂದ."

ಕಾರ್ಯದರ್ಶಿಗಳು ಬೆಪ್ಪಾಗಿ ನೋಡಿದರು. "ಯಾವ ವೀಳ್ಯ? ಆ ತೆಂಗಿನಕಾಯಿನಾ? ದೊಡ್ಡವರಿಗೆ ಹೀಗೆ ಕೊಟ್ರೆ ಮರ್ಯಾದೆ ಅಂತ ಅಡುಗೆಯವನು ತಟ್ಟೆ ಜೋಡಿಸಿ ಕೊಟ್ಟ. ನಾನು ನಿಮಗೆ ಕೊಟ್ಟೆ. ಅಷ್ಟೇ ಅಲ್ವಾ?"

"ಕೆಂಪು ತೋರಿಸೋಕೆ ಹಿಂದೆಮುಂದೆ ನೋಡ್ಬೇಡಿ ಅಂದ್ರಲ್ಲ."

"ಹೋದ ವರ್ಷ ನನ್ನ ತಮ್ಮ ಕಲ್ಕತ್ತಾ ರೇಸಿನಲ್ಲಿ ಸತ್ತ. ಬಾವುಟದವನು ಅನುಮಾನ ಮಾಡ್ತಾ ನಿಂತ, ಅಷ್ಟರಲ್ಲಿ ಆಗಿಹೋಯ್ತು. ಅದಕ್ಕೆ ಹೇಳ್ದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೋಸ ಮಾಡಿ ಅಂತ ನಾನು ಯಾವಾಗ ಅಂದೆ ನಿಮಗೆ?"

ಅಂದಿರಲಿಲ್ಲ. ಮುನಿಶಾಮಪ್ಪ ಆ ಮಾತುಗಳನ್ನು ಒಂದೊಂದಾಗಿ ನೆನೆದು ನೋಡಿದ, ಎಲ್ಲೂ ಇರಲಿಲ್ಲ. ಯಾರೂ ಅವನನ್ನು ಕೊಂಡಿರಲಿಲ್ಲ. ಒಂದು ಕುರ್ಚಿಯ ಆಸೆಗೆ ತನ್ನನ್ನು ತಾನೇ ಒಯ್ದು ಅವರ ಬಾಗಿಲಿಗೆ ಕಟ್ಟಿ ಬಂದಿದ್ದ. ಲಂಚ ತಿಂದವನಿಗಾದರೂ ಕೊಟ್ಟವನನ್ನು ಬೈಯುವ ಸಮಾಧಾನವಿದೆ. ಇವನಿಗೆ ಅದೂ ಇರಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವೆಂಕಟರವಣಪ್ಪ ಎಗರಿ ಬಿದ್ದ. ಅಧ್ಯಕ್ಷರು ಪುಸ್ತಕ ತೆರೆದು, ಮುಚ್ಚಿ, ಮೆಲ್ಲಗೆ ಹೇಳಿದರು. ಅರ್ಜಿ ವಾಪಸಾಗಿದೆ. ವಾಪಸಾದ ಅರ್ಜಿಯ ಮೇಲೆ ಸಾಕ್ಷಿ ಕೇಳುವ ಅಧಿಕಾರ ಸಮಿತಿಗಿಲ್ಲ. ಫಲಿತಾಂಶ ಹಾಗೆಯೇ ನಿಲ್ಲುತ್ತದೆ. ಈ ಡಾಂಬರು ಪಟ್ಟಿಯ ಮೇಲೆ ಇನ್ನು ಮುಂದೆ ರೇಸು ಬೇಡ.

ಚನ್ನಕೇಶವ ವರಾಂಡದಲ್ಲಿ ನಿಂತಿದ್ದ. ಮುನಿಶಾಮಪ್ಪ ಅವನ ಮುಂದೆ ಹೋಗಿ ನಿಂತ, ಕಾಲು ಹಿಡಿಯಲು ಬಗ್ಗಿದ. ಹುಡುಗ ಥಟ್ಟನೆ ಹಿಂದೆ ಸರಿದ.

"ಬೇಡ ಮಾವ, ದೊಡ್ಡವ್ರು ನೀವು," ಅಂದ. ಆಮೇಲೆ, "ಕೆಂಪು ಕಂಡಾಗ ಎದುರುಗಡೆ ಪಟ್ಟಿ ಖಾಲಿ ಇತ್ತು. ನಾನೂ ನೋಡ್ದೆ. ಆದ್ರೂ ಬ್ರೇಕ್ ಹಾಕ್ದೆ," ಎಂದು ಮೆಟ್ಟಿಲಿಳಿದು ಹೋದ. ಹಿಂದಿರುಗಿ ನೋಡಲಿಲ್ಲ.

ಮಧ್ಯಾಹ್ನದ ಪ್ಯಾಸೆಂಜರಿನ ಥರ್ಡ್ ಕ್ಲಾಸ್ ಡಬ್ಬಿಯಲ್ಲಿ ಮುನಿಶಾಮಪ್ಪನೂ ಕದಿರಮ್ಮನೂ ಒಂದೇ ಬೆಂಚಿನಲ್ಲಿ ಕೂತು ಊರಿಗೆ ಹೊರಟರು. ಗಾಡಿ ವೇಗ ಹಿಡಿದ ಮೇಲೆ ಅವನೇ ಕೇಳಿದ.

"ಎಮ್ಮೆ ಬರ್ಲಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲ ತಾಯಿ. ನನ್ನ ಉಳಿಸೋಕೆ ಸುಳ್ಳು ಹೇಳ್ದ್ಯಾ?"

ಕದಿರಮ್ಮ ಬೆರಗಾಗಿ ಅವನ ಕಡೆ ತಿರುಗಿದಳು. "ಸುಳ್ಳು ಎಲ್ಲಿ ಹೇಳ್ದೆ ಅಣ್ಣಯ್ಯ? ಅದು ಮರದಡೀಲೇ ಇತ್ತು ಅಂತ್ಲೇ ನಾನೂ ಅಂದ್ಕೊಂಡಿದ್ದೆ. ಆಮ್ಯಾಕೆ ಜನ ಬಂದು, ಗಾರ್ಡಪ್ಪ ಕಣ್ಣಾರೆ ಕಂಡ್ರಂತೆ ಅಂದ್ರು. ಅಣ್ಣಯ್ಯ ಹೇಳಿದ್ಮೇಲೆ ಬಂದೇ ಇರ್ಬೇಕು, ನನಗೇ ಜೊಂಪು ಹತ್ತಿತ್ತೇನೋ, ನಿದ್ದೆಗಣ್ಣಲ್ಲೇ ಅದರ ಹಿಂದೆ ಓಡಿದ್ನೇನೋ ಅಂದ್ಕೊಂಡೆ. ನನ್ನ ಕಣ್ಣು ನಂಬ್ಲಾ, ನಿಮ್ಮ ಮಾತು ನಂಬ್ಲಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅವತ್ತು ಸಾಯಂಕಾಲ ಮನೆಗೆ ಹೊಡ್ಕೊಂಡು ಹೋಗಿ ಗೂಟಕ್ಕೆ ಕಟ್ಟಿ ಬಡಿದೆ ಅದನ್ನ. ಆ ಹುಡುಗನ ಬಾಳು ಹಾಳು ಮಾಡ್ದೆ ಮುಂಡೇದೇ ಅಂತ ಕೈ ಸೋಲೋವರ್ಗೂ ಬಡಿದೆ. ಗಬ್ಬದ ಎಮ್ಮೆ ಕಣಣ್ಣಯ್ಯ. ಅಲ್ಲಾಡ್ದೆ ನಿಂತು ಹೊಡೆಸ್ಕೊಂತು."

ಮುನಿಶಾಮಪ್ಪ ಅವಳ ಪಕ್ಕದಿಂದ ಎದ್ದ. ತೊಂಡೇಬಾವಿ ಬರುವವರೆಗೂ ಬಾಗಿಲ ಹತ್ತಿರ, ಅವಳಿಗೆ ಬೆನ್ನು ಮಾಡಿ ನಿಂತೇ ಇದ್ದ.